ಗಾಯಾಳುವಿನ ಮುಂದಿನ ಗತಿ: ಆಘಾತ ಮತ್ತು ಶಸ್ತ್ರಚಿಕಿತ್ಸಾ ಸಂಶೋಧನೆಯಲ್ಲಿ ತೊಡಕು ಹಾಗೂ ಫಲಿತದ ವಿಚಾರ

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ 107 ಮರ್ಮಗಳ ವಿವರಣೆ ಬರುತ್ತದೆ. ಮಾಂಸ, ಸಿರೆ, ಸ್ನಾಯು, ಅಸ್ಥಿ, ಸಂಧಿ ಎಂಬ ರಚನೆಯ ಆಧಾರದಿಂದಲೂ ದೇಹದಲ್ಲಿ ಅವುಗಳ ಸ್ಥಾನದ ಆಧಾರದಿಂದಲೂ ಅವನ್ನು ವಿಂಗಡಿಸಿದ ಗ್ರಂಥಕಾರನು ಅಷ್ಟಕ್ಕೆ ನಿಲ್ಲದೆ ಇನ್ನೊಂದು ವಿಂಗಡಣೆಯನ್ನು ಮಾಡುತ್ತಾನೆ. ಪೆಟ್ಟು ಬಿದ್ದ ಮೇಲೆ ಗಾಯಾಳುವಿಗೆ ಏನಾಗುತ್ತದೆ ಎಂಬುದು ಅದರ ಆಧಾರ. ಕೂಡಲೇ ಪ್ರಾಣ ತೆಗೆಯುವ ಸದ್ಯಃಪ್ರಾಣಹರಗಳು 19, ಕೆಲಕಾಲದ ಮೇಲೆ ಪ್ರಾಣ ತೆಗೆಯುವ ಕಾಲಾಂತರಪ್ರಾಣಹರಗಳು 33, ನೆಟ್ಟ ಶಲ್ಯವನ್ನು ಕಿತ್ತಾಗ ಸಾವನ್ನು ತರುವ ವಿಶಲ್ಯಘ್ನಗಳು 3, ಅಂಗವೈಕಲ್ಯವನ್ನು ಉಳಿಸುವ ವೈಕಲ್ಯಕರಗಳು 44, ನೋವನ್ನು ಮಾತ್ರ ಉಳಿಸುವ ರುಜಾಕರಗಳು 8. ಇದರಲ್ಲಿ ಇಂದಿನ ಸಂಶೋಧನಾ ವಿಧಾನವನ್ನು ಕಾಣಹೊರಡುವುದು ಅತಿಶಯೋಕ್ತಿಯಾದೀತು. ಆದರೂ ಗಾಯವನ್ನು ಅದರ ಗತಿಯಿಂದ ಗುರುತಿಸಬೇಕು, ತಡವಾಗಿ ಬರುವ ಸಾವು ಕೂಡಲೇ ಬರುವ ಸಾವಿಗಿಂತ ಬೇರೆ, ಬದುಕಿ ವಿಕಲನಾಗಿ ಉಳಿಯುವುದು ಇವೆರಡಕ್ಕಿಂತಲೂ ಬೇರೆ ಎಂಬ ವಿವೇಕ ಇಲ್ಲಿದೆ. ಇಲ್ಲದಿರುವುದು ಎಣಿಕೆ. ಇಂಥ ಪೆಟ್ಟು ತಿಂದ ನೂರು ಮಂದಿಯಲ್ಲಿ ಎಷ್ಟು ಜನ ಬದುಕಿದರು, ಚಿಕಿತ್ಸೆ ಪಡೆದವರಿಗೂ ಪಡೆಯದವರಿಗೂ ಎಷ್ಟು ಅಂತರವಿತ್ತು ಎಂಬ ಪ್ರಶ್ನೆಯನ್ನು ವೈದ್ಯಲೋಕವು ವ್ಯವಸ್ಥಿತವಾಗಿ ಕೇಳಿಕೊಂಡದ್ದು ತೀರ ಈಚೆಗೆ.

ಆ ಪ್ರಶ್ನೆಯನ್ನು ಎತ್ತಿ ಅದಕ್ಕೆ ಬೆಲೆ ತೆತ್ತವರಲ್ಲಿ ಅಮೆರಿಕೆಯ ಬಾಸ್ಟನ್ ನಗರದ ಶಸ್ತ್ರಚಿಕಿತ್ಸಕ ಅರ್ನೆಸ್ಟ್ ಏಮರಿ ಕಾಡ್‌ಮನ್ (1869–1940) ಪ್ರಮುಖರು. ಪ್ರತಿಯೊಂದು ಆಸ್ಪತ್ರೆಯೂ ತಾನು ಚಿಕಿತ್ಸೆ ನೀಡಿದ ಪ್ರತಿಯೊಬ್ಬ ರೋಗಿಯನ್ನೂ ಚಿಕಿತ್ಸೆ ಫಲಿಸಿತೋ ಇಲ್ಲವೋ ಎಂಬುದು ಖಚಿತವಾಗುವಷ್ಟು ಕಾಲ ಹಿಂಬಾಲಿಸಿ ವಿಚಾರಿಸಬೇಕು, ಫಲಿಸದಿದ್ದರೆ ಏಕೆಂದು ಬರೆದಿಡಬೇಕು ಎಂಬುದು ಅವರ ವಾದ. ಇದನ್ನು ಅವರು ‘ಅಂತಿಮ ಫಲಿತ’ದ ತತ್ವವೆಂದು ಕರೆದರು. ಹಿರಿತನದಿಂದಲೇ ಬಡ್ತಿ ದೊರೆಯುತ್ತಿದ್ದ ಪದ್ಧತಿಯನ್ನು ಪ್ರತಿಭಟಿಸಿ 1914ರಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಹುದ್ದೆಗೆ ರಾಜೀನಾಮೆ ಕೊಟ್ಟರು. ಅದಕ್ಕೆ ಮೊದಲೇ 1911ರಲ್ಲಿ ಸ್ಥಾಪಿಸಿದ್ದ ತಮ್ಮ ಸಣ್ಣ ಆಸ್ಪತ್ರೆಯಿಂದ 1916ರವರೆಗೆ ಬಿಡುಗಡೆಯಾದ 337 ರೋಗಿಗಳ ವೃತ್ತಾಂತವನ್ನು ಮುದ್ರಿಸಿ, ಅದರಲ್ಲಿ 123 ತಪ್ಪುಗಳನ್ನು ತಾವೇ ಪಟ್ಟಿಮಾಡಿದರು. ಜ್ಞಾನ ಅಥವಾ ಕೌಶಲದ ಕೊರತೆ, ವಿವೇಚನೆಯ ಕೊರತೆ, ರೋಗನಿದಾನದ ಕೊರತೆ, ಆರೈಕೆ ಅಥವಾ ಸಲಕರಣೆಯ ಕೊರತೆ ಎಂಬ ವರ್ಗಗಳು ಅವರವೇ. ನಗರದ ವೈದ್ಯರು ಸತ್ಯವನ್ನು ನೋಡಲೊಲ್ಲದೆ ಮರಳಲ್ಲಿ ತಲೆ ಹುದುಗಿಸಿದ ಪಕ್ಷಿ ಇಡುವ ಚಿನ್ನದ ಮೊಟ್ಟೆಗಳಿಂದ ಜೀವಿಸುತ್ತಿದ್ದಾರೆಂದು 1915ರಲ್ಲಿ ಸಭೆಯೊಂದರಲ್ಲಿ ವ್ಯಂಗ್ಯಚಿತ್ರ ತೋರಿಸಿದ್ದರಿಂದ ಸಹೋದ್ಯೋಗಿಗಳ ಆಗ್ರಹಕ್ಕೂ ಪಾತ್ರರಾದರು. ವ್ಯಂಗ್ಯಚಿತ್ರ ಅಗತ್ಯವಿತ್ತೇ ಎಂಬುದು ಬೇರೆಯ ಮಾತು. ತನ್ನ ತಪ್ಪುಗಳನ್ನು ಹೆಸರು ಹಾಕಿ ಮುದ್ರಿಸುವ ವೈದ್ಯನು ಅಂದೂ ಅಪರೂಪ, ಇಂದೂ ಅಪರೂಪ.

ಎಣಿಸಬೇಕಾದರೆ ಅಳತೆಗೋಲು ಬೇಕು. ಆಘಾತ ಚಿಕಿತ್ಸೆಯ ಮಟ್ಟಿಗೆ 1974 ಒಂದು ಫಲವತ್ತಾದ ವರ್ಷ. ಗ್ಲಾಸ್ಗೊ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಅವರು ಕಣ್ಣು ತೆರೆಯುವಿಕೆ, ಮಾತು, ಅಂಗಚಲನೆ ಎಂಬ ಮೂರು ಲಕ್ಷಣಗಳಿಂದ ಪ್ರಜ್ಞೆಯ ಮಟ್ಟವನ್ನು ಅಳೆಯುವ ಮಾಪಕವನ್ನು ಪ್ರಕಟಿಸಿದರು. ಇಂದು ಬಳಕೆಯಲ್ಲಿರುವ ರೂಪದಲ್ಲಿ ಅದರ ಅಂಕಗಳು 3ರಿಂದ 15ರವರೆಗೆ. ಅದೇ ವರ್ಷ ಸೂಸನ್ ಬೇಕರ್ ಮತ್ತು ಸಂಗಡಿಗರು ದೇಹದ ಬೇರೆ ಬೇರೆ ಭಾಗಗಳಲ್ಲಿ ಅತ್ಯಂತ ತೀವ್ರವಾಗಿರುವ ಮೂರು ಗಾಯಗಳ ಅಂಕಗಳ ವರ್ಗಗಳನ್ನು ಕೂಡಿಸಿ, ಗರಿಷ್ಠ 75ರವರೆಗೆ ಹೋಗುವ ಗಾಯತೀವ್ರತಾ ಅಂಕವನ್ನು ರೂಪಿಸಿದರು. ಮರುವರ್ಷ ಜೆನೆಟ್ ಮತ್ತು ಬಾಂಡ್ ಅವರಿಂದ, ಮಿದುಳಿನ ಗಾಯದ ತರುವಾಯ ವ್ಯಕ್ತಿ ಯಾವ ಸ್ಥಿತಿಯಲ್ಲಿ ಉಳಿದಿದ್ದಾನೆ ಎಂಬುದನ್ನು ಐದು ಮಟ್ಟಗಳಲ್ಲಿ ಹೇಳುವ ಗ್ಲಾಸ್ಗೊ ಫಲಿತ ಮಾಪಕ ಬಂದಿತು. ಮೊದಲೆರಡು ಅಳತೆಗಳು ಗಾಯಾಳು ಆಸ್ಪತ್ರೆಗೆ ಬಂದಾಗಿನವು, ಮೂರನೆಯದು ಅವನು ಮನೆಗೆ ಹೋದ ಮೇಲಿನದು. ಎರಡು ಆಸ್ಪತ್ರೆಗಳ ಮರಣಪ್ರಮಾಣವನ್ನು ಹೋಲಿಸುವಾಗ ಮೊದಲೆರಡನ್ನು ಬಿಟ್ಟರೆ, ಕಠಿಣ ಗಾಯಾಳುಗಳನ್ನು ಸೇರಿಸಿಕೊಳ್ಳುವ ಆಸ್ಪತ್ರೆಯೇ ಕೆಟ್ಟದ್ದೆನಿಸುತ್ತದೆ.

ಸ್ಟಿರಾಯ್ಡ್ ಕಲಿಸಿದ ಪಾಠ

ತಲೆಗೆ ಪೆಟ್ಟಾದಾಗ ಮಿದುಳು ಊದಿಕೊಳ್ಳುತ್ತದೆ. ತಲೆಬುರುಡೆ ಹಿಗ್ಗಲಾರದಾದ್ದರಿಂದ ಒಳಗಿನ ಒತ್ತಡ ಏರಿ, ಪೆಟ್ಟು ಬೀಳದ ಭಾಗಗಳಿಗೂ ರಕ್ತಪೂರೈಕೆ ಕುಗ್ಗುತ್ತದೆ. ಸ್ಟಿರಾಯ್ಡ್ ಔಷಧಗಳು ಉರಿಯೂತವನ್ನು ತಗ್ಗಿಸುತ್ತವೆ. ಮಿದುಳಿನ ಗಂತಿಗಳ ಸುತ್ತಲಿನ ಊತವನ್ನು ಅವು ಇಳಿಸುವುದು ದೃಢಪಟ್ಟ ಸಂಗತಿ. ಆದ್ದರಿಂದ ತಲೆಯ ಗಾಯಕ್ಕೂ ಅವು ಒಳ್ಳೆಯವು ಎಂಬ ತರ್ಕದಿಂದ ದಶಕಗಳ ಕಾಲ ಅನೇಕ ದೇಶಗಳಲ್ಲಿ ಅವನ್ನು ಕೊಡಲಾಗುತ್ತಿತ್ತು. ತರ್ಕದಲ್ಲಿ ಎದ್ದು ಕಾಣುವ ದೋಷವಿರಲಿಲ್ಲ. ಸಣ್ಣ ಪ್ರಯೋಗಗಳು ಹಲವಾರು ನಡೆದಿದ್ದವು. 1997ರಲ್ಲಿ ಅವನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಅಲ್ಪ ಲಾಭವೂ ಇರಬಹುದು, ಹಾನಿಯೂ ಇರಬಹುದು ಎಂಬಷ್ಟೇ ಉತ್ತರ ದೊರೆಯಿತು. ನೂರಕ್ಕೆ ಎರಡು ಮೂರು ಮಂದಿಯ ಅಂತರವನ್ನು ಕಾಣಲು ಕೆಲವು ನೂರು ರೋಗಿಗಳ ಅಧ್ಯಯನ ಸಾಲದು, ಸಾವಿರಾರು ರೋಗಿಗಳು ಬೇಕು.

ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದ ‘ಕ್ರ್ಯಾಶ್’ ಎಂಬ ಪ್ರಯೋಗ 20,000 ಗಾಯಾಳುಗಳನ್ನು ಸೇರಿಸಿಕೊಳ್ಳುವ ಗುರಿಯಿಂದ ಆರಂಭವಾಯಿತು. ಪ್ರಜ್ಞಾಮಾಪಕದಲ್ಲಿ 14 ಅಥವಾ ಅದಕ್ಕಿಂತ ಕಡಿಮೆ ಅಂಕವಿದ್ದು ಪೆಟ್ಟಾಗಿ 8 ಗಂಟೆ ಮೀರದ ವಯಸ್ಕರಿಗೆ, ಯಾರಿಗೆ ಯಾವುದೆಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಿ, 48 ಗಂಟೆಗಳ ಕಾಲ ಮೀಥೈಲ್‌ಪ್ರೆಡ್ನಿಸೊಲೋನ್ ಅಥವಾ ಅದರಂತೆಯೇ ಕಾಣುವ ಹುಸಿಮದ್ದನ್ನು ನೀಡಲಾಯಿತು. 49 ದೇಶಗಳ 239 ಆಸ್ಪತ್ರೆಗಳಿಂದ 10,008 ಮಂದಿ ಸೇರಿದ್ದಾಗ, ಅಂಕಿಅಂಶಗಳನ್ನು ಗುಟ್ಟಾಗಿ ಪರಿಶೀಲಿಸುತ್ತಿದ್ದ ಸ್ವತಂತ್ರ ಸಮಿತಿಯು ಫಲಿತವನ್ನು ಚಾಲಕ ಸಮಿತಿಯ ಮುಂದಿಟ್ಟಿತು. 2004ರ ಮೇ ತಿಂಗಳಲ್ಲಿ ಪ್ರಯೋಗ ನಿಂತಿತು. ಎರಡು ವಾರಗಳೊಳಗೆ ಸ್ಟಿರಾಯ್ಡ್ ಪಡೆದವರಲ್ಲಿ 1,052 ಮಂದಿ (ಶೇ. 21.1), ಹುಸಿಮದ್ದು ಪಡೆದವರಲ್ಲಿ 893 ಮಂದಿ (ಶೇ. 17.9) ತೀರಿಕೊಂಡಿದ್ದರು. ಆರು ತಿಂಗಳ ಲೆಕ್ಕದಲ್ಲಿಯೂ ಅಂತರ ಉಳಿಯಿತು: ಶೇ. 25.7ಕ್ಕೆ ಪ್ರತಿಯಾಗಿ ಶೇ. 22.3.

ಈ ಅಂಕಿಗಳನ್ನು ನಿಧಾನವಾಗಿ ಓದಬೇಕು. ಔಷಧ ಪಡೆದ ನೂರು ಜನರಲ್ಲಿ ಮೂವರು ಹೆಚ್ಚಾಗಿ ಸತ್ತರು. ಯಾವ ವಾರ್ಡಿನಲ್ಲಾಗಲಿ ಯಾವ ವೈದ್ಯನ ಅನುಭವದಲ್ಲಾಗಲಿ ಈ ಮೂವರು ಕಣ್ಣಿಗೆ ಬೀಳುವಂತಿರಲಿಲ್ಲ. ಗಂಭೀರ ಗಾಯವಾಗಿ ಸತ್ತವನು ಗಾಯದಿಂದಲೇ ಸತ್ತನೆಂದು ತೋರುತ್ತದೆ, ಬದುಕಿದವನು ಔಷಧದಿಂದ ಬದುಕಿದನೆಂದು ತೋರುತ್ತದೆ. ಅನುಭವವು ವೈದ್ಯನಿಗೆ ಬಹಳಷ್ಟನ್ನು ಕಲಿಸುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಹೋಲಿಕೆಯ ಗುಂಪಿಲ್ಲದ ಅನುಭವವು ಇಂಥ ಹಾನಿಯನ್ನು ಎಂದಿಗೂ ತೋರಿಸಿಕೊಡದು. ಹಳೆಯ ಚಿಕಿತ್ಸೆಯಾದ್ದರಿಂದ ಅದನ್ನು ಪರೀಕ್ಷೆಗೆ ಒಡ್ಡುವುದೇ ಅನೈತಿಕ ಎಂಬ ವಾದ ಅಂದು ಕೇಳಿಬರುತ್ತಿತ್ತು. ಪರೀಕ್ಷಿಸದೆ ಕೊಡುತ್ತ ಬಂದುದರ ನೈತಿಕತೆಯನ್ನು ಕೇಳಿದವರು ಕಡಿಮೆ.

ಮೂರು ಗಂಟೆಯ ಗಡಿ

ಅದೇ ಬಳಗವು ಮುಂದೆ ಕೈಗೆತ್ತಿಕೊಂಡದ್ದು ರಕ್ತಸ್ರಾವವನ್ನು. ಜಪಾನಿನ ಉಟಾಕೊ ಒಕಾಮೊಟೊ ಮತ್ತು ಶೋಸುಕೆ ಒಕಾಮೊಟೊ ದಂಪತಿಗಳು 1960ರ ದಶಕದ ಆರಂಭದಲ್ಲಿ ಕಂಡುಹಿಡಿದ ಟ್ರಾನೆಕ್ಸಾಮಿಕ್ ಆಮ್ಲ ಅಗ್ಗವಾದ, ಹಕ್ಕುಸ್ವಾಮ್ಯ ಮುಗಿದ ಔಷಧ. ರಕ್ತ ಹೆಪ್ಪುಗಟ್ಟಿದ ಮೇಲೆ ಆ ಹೆಪ್ಪನ್ನು ಕರಗಿಸುವ ಕ್ರಿಯೆಯೊಂದು ದೇಹದಲ್ಲಿ ಸಹಜವಾಗಿ ನಡೆಯುತ್ತದೆ. ಪ್ಲಾಸ್ಮಿನೊಜೆನ್ ಎಂಬ ವಸ್ತು ಹೆಪ್ಪಿನ ನಾರಿಗೆ ಅಂಟಿಕೊಂಡು ಅದನ್ನು ಕತ್ತರಿಸುವ ಪ್ಲಾಸ್ಮಿನ್ ಆಗಿ ಮಾರ್ಪಡುತ್ತದೆ. ಈ ಔಷಧ ಆ ಅಂಟುವಿಕೆಯನ್ನು ತಡೆಯುತ್ತದೆ. ದೊಡ್ಡ ಗಾಯಗಳಲ್ಲಿ ಹೆಪ್ಪು ಅತಿಯಾಗಿ ಕರಗುವುದುಂಟಾದ್ದರಿಂದ ಅದನ್ನು ತಡೆದರೆ ಪ್ರಾಣ ಉಳಿದೀತೇ ಎಂಬುದು ಪ್ರಶ್ನೆ. ಹೆಪ್ಪು ಕರಗದೆ ಉಳಿದು ಹೃದಯ, ಮಿದುಳು, ಶ್ವಾಸಕೋಶಗಳ ರಕ್ತನಾಳಗಳನ್ನು ಮುಚ್ಚೀತೇ ಎಂಬುದು ಭಯ.

40 ದೇಶಗಳ 274 ಆಸ್ಪತ್ರೆಗಳಲ್ಲಿ 20,211 ಗಾಯಾಳುಗಳು ಸೇರಿದ ‘ಕ್ರ್ಯಾಶ್–2’ ಪ್ರಯೋಗದ ಫಲಿತ 2010ರಲ್ಲಿ ಪ್ರಕಟವಾಯಿತು. ಭಾರತದ ಹಲವು ಆಸ್ಪತ್ರೆಗಳೂ ಅದರಲ್ಲಿ ಭಾಗವಹಿಸಿದ್ದವು. ಒಟ್ಟು ಮರಣ ಶೇ. 16.0ರಿಂದ ಶೇ. 14.5ಕ್ಕೆ ಇಳಿದಿತ್ತು, ರಕ್ತನಾಳ ಮುಚ್ಚುವ ತೊಡಕುಗಳು ಹೆಚ್ಚಿರಲಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯಕ ಔಷಧಗಳ ಪಟ್ಟಿಗೆ ಆಘಾತದ ರಕ್ತಸ್ರಾವಕ್ಕಾಗಿ ಈ ಔಷಧ ಸೇರಿತು. ಕತೆ ಇಲ್ಲಿಗೇ ಮುಗಿದಿದ್ದರೆ ಅದೊಂದು ಗೆಲುವಿನ ಕತೆ ಮಾತ್ರ ಆಗುತ್ತಿತ್ತು. ಅದೇ ವರ್ಷ, ಪೆಟ್ಟಾದ ಎಷ್ಟು ಹೊತ್ತಿಗೆ ಔಷಧ ದೊರೆಯಿತು ಎಂಬುದರ ಪ್ರಕಾರ ಅಂಕಿಗಳನ್ನು ಬಿಡಿಸಿ ನೋಡಲಾಯಿತು. ಒಂದು ಗಂಟೆಯೊಳಗೆ ಪಡೆದವರಲ್ಲಿ ರಕ್ತಸ್ರಾವದಿಂದ ಸತ್ತವರು ಶೇ. 5.3, ಹುಸಿಮದ್ದಿನವರಲ್ಲಿ ಶೇ. 7.7. ಒಂದರಿಂದ ಮೂರು ಗಂಟೆಯ ನಡುವೆ ಶೇ. 4.8 ಮತ್ತು ಶೇ. 6.1. ಮೂರು ಗಂಟೆ ಕಳೆದ ಮೇಲೆ ಅಂಕಿಗಳು ತಿರುಗಿ ನಿಂತವು: ಔಷಧ ಪಡೆದವರಲ್ಲಿ ಶೇ. 4.4, ಪಡೆಯದವರಲ್ಲಿ ಶೇ. 3.1. ಒಂದೇ ಔಷಧ, ಒಂದೇ ಪ್ರಮಾಣ. ಬೇಗ ಕೊಟ್ಟರೆ ರಕ್ಷಣೆ, ತಡವಾದರೆ ಹಾನಿ. ಬಾಣಂತಿಯರ ರಕ್ತಸ್ರಾವದ ದೊಡ್ಡ ಪ್ರಯೋಗವನ್ನೂ ಕೂಡಿಸಿ 40,138 ಮಂದಿಯ ದತ್ತಾಂಶವನ್ನು ಪರಿಶೀಲಿಸಿದ 2018ರ ಅಧ್ಯಯನವು, ಮೂರು ಗಂಟೆಯ ತನಕ ಪ್ರತಿ 15 ನಿಮಿಷದ ವಿಳಂಬಕ್ಕೆ ಲಾಭದಲ್ಲಿ ಶೇ. 10ರಷ್ಟು ಕಡಿತವಾಗುತ್ತದೆ ಎಂದು ಲೆಕ್ಕಹಾಕಿತು.

ನಮ್ಮ ನಾಡಿಗೆ ಈ ಮೂರು ಗಂಟೆಯ ಅರ್ಥ ಬೇರೆಯೇ ಆಗಿದೆ. ಮಲೆನಾಡಿನ ತಿರುವಿನಲ್ಲಿ ಬೈಕಿನಿಂದ ಬಿದ್ದವನು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಮಂಗಳೂರಿಗೋ ಬೆಂಗಳೂರಿಗೋ ಹೋಗುವಷ್ಟರಲ್ಲಿ ಆ ಗಡಿ ದಾಟಿರುತ್ತದೆ. 2008ರಲ್ಲಿ ಆರಂಭವಾದ 108ರ ಆರೋಗ್ಯ ಕವಚ ಸೇವೆಯೂ, ಗಾಯಾಳುವಿಗೆ ನೆರವಾದ ದಾರಿಹೋಕನನ್ನು ಠಾಣೆ–ಕಚೇರಿಗಳ ಕಿರುಕುಳದಿಂದ ಕಾಪಾಡುವಂತೆ ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಮಾನ್ಯಮಾಡಿದ ಮಾರ್ಗಸೂಚಿಯೂ ಕಡೆಗೆ ಸೇರುವುದು ಈ ಲೆಕ್ಕಕ್ಕೇ. ಕೊನೆಯ ದೊಡ್ಡಾಸ್ಪತ್ರೆಯಲ್ಲಿ ಔಷಧ ದಾಸ್ತಾನಿದೆಯೇ ಎಂಬುದಕ್ಕಿಂತ ಮೊದಲು ಮುಟ್ಟುವ ಕೈಯಲ್ಲಿ ಅದಿದೆಯೇ ಎಂಬುದೇ ಮುಖ್ಯ. ರಕ್ತನಾಳಕ್ಕೆ ಸೂಜಿ ಹಾಕಲು ಬಾರದ ಕಡೆಯೂ ಕೊಡಬಹುದಾದಂತೆ ಸ್ನಾಯುವಿಗೆ ಚುಚ್ಚಿದರೆ ಹೇಗೆ ಎಂಬ ದಿಕ್ಕಿನಲ್ಲಿ ಕೆಲಸ ನಡೆದಿದ್ದು, ಗಾಯಾಳುಗಳಲ್ಲಿಯೂ ಔಷಧ ಸ್ನಾಯುವಿನಿಂದ ಬೇಗ ರಕ್ತಕ್ಕೆ ಸೇರುತ್ತದೆಂದು 2021ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದು ತೋರಿಸಿದೆ.

ಬದುಕುವುದು ಎಂದರೇನು

ಇದುವರೆಗಿನ ಚರ್ಚೆಯಲ್ಲಿ ಫಲಿತವೆಂದರೆ ಸಾವು ಅಥವಾ ಬದುಕು. ತಲೆಬುರುಡೆಯ ಮೂಳೆಯ ಭಾಗವನ್ನು ತೆಗೆದು ಊದಿದ ಮಿದುಳಿಗೆ ಎಡೆ ಮಾಡಿಕೊಡುವ ಶಸ್ತ್ರಚಿಕಿತ್ಸೆಯ ಅಧ್ಯಯನಗಳು ಈ ಸರಳತೆಯನ್ನು ಮುರಿದವು. 2011ರ ‘ಡೆಕ್ರಾ’ ಪ್ರಯೋಗದಲ್ಲಿ 155 ಮಂದಿಯಿದ್ದರು. ಒಳಒತ್ತಡ ಏರಿದ ಮೊದಲ ಹಂತದಲ್ಲೇ ಮೂಳೆ ತೆಗೆದವರ ಸಾವು ಇತರರಷ್ಟೇ ಇದ್ದು, ಆರು ತಿಂಗಳ ಮೇಲೆ ಕೆಟ್ಟ ಸ್ಥಿತಿಯಲ್ಲಿದ್ದವರ ಪ್ರಮಾಣ ಶೇ. 70 ಆಗಿತ್ತು. ಔಷಧೋಪಚಾರ ಮಾತ್ರ ಪಡೆದವರಲ್ಲಿ ಅದು ಶೇ. 51. ಎರಡು ಗುಂಪುಗಳು ಆರಂಭದಲ್ಲಿ ಪೂರ್ತಿ ಸಮವಾಗಿರಲಿಲ್ಲ, ಕಣ್ಣಪಾಪೆಗಳು ಬೆಳಕಿಗೆ ಸ್ಪಂದಿಸದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಹೆಚ್ಚಿದ್ದರು ಎಂಬ ಆಕ್ಷೇಪಣೆ ನ್ಯಾಯವಾದದ್ದು.

2016ರ ‘ರೆಸ್ಕ್ಯೂ’ ಪ್ರಯೋಗ ಬೇರೆ ಬಗೆಯದು. ಉಳಿದೆಲ್ಲ ಚಿಕಿತ್ಸೆ ಸೋತ ಮೇಲೆ ಕಡೆಯ ಉಪಾಯವಾಗಿ ಮೂಳೆ ತೆಗೆದರೆ ಏನಾಗುತ್ತದೆಂದು ಅದು 408 ಮಂದಿಯಲ್ಲಿ ಪರೀಕ್ಷಿಸಿತು. ಆರು ತಿಂಗಳಿಗೆ ಶಸ್ತ್ರಚಿಕಿತ್ಸೆಯವರಲ್ಲಿ ಸಾವು ಶೇ. 26.9, ಉಳಿದವರಲ್ಲಿ ಶೇ. 48.9. ನೂರಕ್ಕೆ ಇಪ್ಪತ್ತೆರಡು ಜೀವಗಳು ಉಳಿದವು. ಇಷ್ಟು ದೊಡ್ಡ ಅಂತರ ವೈದ್ಯಕೀಯ ಪ್ರಯೋಗಗಳಲ್ಲಿ ವಿರಳ. ಆದರೆ ಆ ಜೀವಗಳು ಎಲ್ಲಿ ಸೇರಿದವು ಎಂದು ನೋಡಬೇಕು. ಕಣ್ಣು ತೆರೆದರೂ ಅರಿವಿಲ್ಲದ ಸ್ಥಿತಿಯಲ್ಲಿದ್ದವರು ಶೇ. 8.5, ಇನ್ನೊಂದು ಗುಂಪಿನಲ್ಲಿ ಶೇ. 2.1. ದಿನದ ಕೆಲಸಗಳಿಗೆಲ್ಲ ಪರಾಧೀನರಾದವರು ಶೇ. 21.9, ಇನ್ನೊಂದರಲ್ಲಿ ಶೇ. 14.4. ಮನೆಯೊಳಗೆ ಸ್ವತಂತ್ರರಾಗಿದ್ದು ಹೊರಗಡೆಗೆ ನೆರವು ಬೇಕಾದವರು ಶೇ. 15.4ಕ್ಕೆ ಪ್ರತಿಯಾಗಿ ಶೇ. 8.0. ಒಳ್ಳೆಯ ಚೇತರಿಕೆ ಕಂಡವರು ಎರಡರಲ್ಲೂ ಕೆಲವರೇ. ಸಂಶೋಧಕರು ‘ಮನೆಯೊಳಗೆ ಸ್ವತಂತ್ರ’ ಎಂಬ ಮಟ್ಟವನ್ನು ಅನುಕೂಲ ಫಲಿತವೆಂದು ಮೊದಲೇ ಗೊತ್ತುಮಾಡಿಕೊಂಡಿದ್ದರು. ಹಾಗೆ ಎಣಿಸಿದರೆ ಒಂದು ವರ್ಷದ ಹೊತ್ತಿಗೆ ಶಸ್ತ್ರಚಿಕಿತ್ಸೆಯವರಲ್ಲಿ ಶೇ. 45.4, ಉಳಿದವರಲ್ಲಿ ಶೇ. 32.4 ಮಂದಿಗೆ ಅನುಕೂಲ. ರೂಢಿಯಂತೆ ಗೆರೆಯನ್ನು ಒಂದು ಮೆಟ್ಟಿಲು ಮೇಲೆ ಎಳೆದರೆ ಅಂತರ ಬಹುಮಟ್ಟಿಗೆ ಮಾಯವಾಗುತ್ತದೆ. ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಸಂಖ್ಯಾಶಾಸ್ತ್ರ ಹೇಳಲಾರದು. ಅದು ಗಾಯಾಳು ಮತ್ತು ಅವನ ಮನೆಯವರು ಹೇಳಬೇಕಾದ ಮಾತು. ಅವರಲ್ಲೊಬ್ಬನಿಗಂತೂ ಬಾಯಿಲ್ಲ.

ಇಲ್ಲೊಂದು ಭಾಷೆಯ ತೊಡಕೂ ಇದೆ. ವಿಸ್ತರಿಸಿದ ಗ್ಲಾಸ್ಗೊ ಫಲಿತ ಮಾಪಕದ ಎಂಟು ಮಟ್ಟಗಳನ್ನು ನಿಗದಿತ ಪ್ರಶ್ನೆಗಳಿಂದ ತಿಳಿಯಲಾಗುತ್ತದೆ. ಅಗತ್ಯಬಿದ್ದರೆ ಎಂಟು ಗಂಟೆ ಒಬ್ಬರೇ ಮನೆಯಲ್ಲಿರಬಲ್ಲರೇ, ನೆರವಿಲ್ಲದೆ ಅಂಗಡಿಗೆ ಹೋಗಿ ಬರಬಲ್ಲರೇ, ಪ್ರಯಾಣ ಮಾಡಬಲ್ಲರೇ ಎಂಬವು ಅಂಥವು. ಗಾಯಗೊಂಡವರನ್ನು ಒಂಟಿಯಾಗಿ ಬಿಡುವುದೇ ಇಲ್ಲದ ಕೂಡುಕುಟುಂಬದಲ್ಲಿ ಮೊದಲನೆಯ ಪ್ರಶ್ನೆಗೆ ‘ನಾವು ಬಿಡುವುದಿಲ್ಲ’ ಎಂಬ ಉತ್ತರ ಬರುತ್ತದೆಯೇ ಹೊರತು ‘ಇರಬಲ್ಲರು’, ‘ಇರಲಾರರು’ ಎಂಬುದು ಬರುವುದಿಲ್ಲ. ಗಾಯಕ್ಕೆ ಮೊದಲೂ ಒಬ್ಬಳೇ ಸಂತೆಗೆ ಹೋಗದಿದ್ದ ಹೆಂಗಸಿಗೆ ಎರಡನೆಯ ಪ್ರಶ್ನೆ ಅನ್ವಯಿಸುವುದು ಹೇಗೆ? ಪ್ರಶ್ನಾವಳಿ ರಚಿಸಿದವರು ಈ ಸಂದೇಹವನ್ನು ಮುಂಗಂಡು, ಗಾಯಕ್ಕೆ ಮೊದಲಿನ ಸ್ಥಿತಿಯನ್ನೂ ಕೇಳಬೇಕೆಂದು ಸೂಚಿಸಿದ್ದಾರೆ. ಕನ್ನಡದಲ್ಲಿ ಕೇಳುವವರು ‘ಬಲ್ಲರೇ’ ಎಂಬುದಕ್ಕೂ ‘ಮಾಡುತ್ತಾರೆಯೇ’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಹಿಡಿದು ಕೇಳದಿದ್ದರೆ ದತ್ತಾಂಶವೇ ಕೆಡುತ್ತದೆ.

ತೊಡಕುಗಳ ಎಣಿಕೆ

ಶಸ್ತ್ರಚಿಕಿತ್ಸೆಯ ತರುವಾಯದ ತೊಡಕನ್ನು ಆಯುರ್ವೇದದ ಪರಿಭಾಷೆಯಲ್ಲಿ ಉಪದ್ರವವೆನ್ನಬಹುದು. ಅದರ ತೀವ್ರತೆಯನ್ನು ಹೆಸರಿನಿಂದಲ್ಲ, ಅದಕ್ಕಾಗಿ ಮಾಡಬೇಕಾಗಿ ಬಂದ ಚಿಕಿತ್ಸೆಯಿಂದ ಅಳೆಯುವ ಕ್ಲಾವಿಯೆನ್–ಡಿಂಡೊ ವರ್ಗೀಕರಣವು 1992ರಲ್ಲಿ ಹುಟ್ಟಿ 2004ರಲ್ಲಿ ಪರಿಷ್ಕೃತವಾಯಿತು. ಔಷಧವೇ ಬೇಡವಾದದ್ದು ಒಂದನೆಯ ದರ್ಜೆ, ಔಷಧ ಅಥವಾ ರಕ್ತ ಬೇಕಾದದ್ದು ಎರಡನೆಯದು, ಮತ್ತೆ ಶಸ್ತ್ರಕ್ರಿಯೆಯಂಥ ಕ್ರಮ ಬೇಕಾದದ್ದು ಮೂರನೆಯದು, ತೀವ್ರನಿಗಾ ಘಟಕ ಬೇಕಾದದ್ದು ನಾಲ್ಕನೆಯದು, ಐದನೆಯದು ಸಾವು. ಜಾಣ್ಮೆಯ ಕ್ರಮವಿದು. ಆದರೆ ತೀವ್ರನಿಗಾ ಘಟಕದಲ್ಲಿ ಹಾಸಿಗೆಯೇ ಇಲ್ಲದ ಆಸ್ಪತ್ರೆಯಲ್ಲಿ ನಾಲ್ಕನೆಯ ದರ್ಜೆಯ ತೊಡಕು ದಾಖಲೆಯಲ್ಲಿ ಎರಡನೆಯದಾಗಿ ಉಳಿದು, ನೇರವಾಗಿ ಐದಕ್ಕೆ ಹಾರುವ ಸಂಭವವಿದೆ.

ಸಾವಿಗೂ ತೊಡಕಿಗೂ ಇರುವ ಸಂಬಂಧ ಎಣಿಸಿದಷ್ಟು ನೇರವಲ್ಲ. ಅಮೆರಿಕೆಯ 84,730 ರೋಗಿಗಳ ದತ್ತಾಂಶವನ್ನು ಬಳಸಿದ 2009ರ ಅಧ್ಯಯನದಲ್ಲಿ ಅತಿ ಕಡಿಮೆ ಮರಣವಿದ್ದ ಆಸ್ಪತ್ರೆಗಳಲ್ಲಿ ತೊಡಕುಗಳು ಶೇ. 24.6, ಅತಿ ಹೆಚ್ಚು ಮರಣವಿದ್ದ ಆಸ್ಪತ್ರೆಗಳಲ್ಲಿ ಶೇ. 26.9, ಹೆಚ್ಚೇನೂ ಅಂತರವಿಲ್ಲ. ದೊಡ್ಡ ತೊಡಕು ಉಂಟಾದ ಮೇಲೆ ಸತ್ತವರು ಮಾತ್ರ ಮೊದಲನೆಯವುಗಳಲ್ಲಿ ಶೇ. 12.5, ಎರಡನೆಯವುಗಳಲ್ಲಿ ಶೇ. 21.4. ಒಳ್ಳೆಯ ಆಸ್ಪತ್ರೆಯಲ್ಲಿಯೂ ತೊಡಕುಗಳು ಬರುತ್ತವೆ, ಅಲ್ಲಿ ಅವನ್ನು ಬೇಗ ಕಂಡುಹಿಡಿದು ಹಿಡಿತಕ್ಕೆ ತರುತ್ತಾರೆ. ರಾತ್ರಿ ಪಾಳಿಯ ನರ್ಸ್ ನಾಡಿಬಡಿತದ ಏರಿಕೆಯನ್ನು ಗಮನಿಸಿ ಯಾರನ್ನು ಕರೆಯಬಹುದು, ಕರೆದರೆ ಬರುತ್ತಾರೆಯೇ ಎಂಬುದು ಇಲ್ಲಿ ಶಸ್ತ್ರಚಿಕಿತ್ಸಕನ ಕೈಚಳಕದಷ್ಟೇ ನಿರ್ಣಾಯಕ.

ಗಾಯದ ಸೋಂಕಿನ ವಿಷಯದಲ್ಲಿ ಬಡದೇಶಗಳಲ್ಲಿಯೇ ನಡೆದ ಎರಡು ಪ್ರಯೋಗಗಳನ್ನು ಹೆಸರಿಸಬೇಕು. ಭಾರತವೂ ಸೇರಿದಂತೆ ಏಳು ದೇಶಗಳ 54 ಆಸ್ಪತ್ರೆಗಳ ‘ಫಾಲ್ಕನ್’ (2021) ಪ್ರಯೋಗದಲ್ಲಿ ಉದರ ಶಸ್ತ್ರಚಿಕಿತ್ಸೆಯಾದ 5,788 ಮಂದಿಯಲ್ಲಿ ಶೇ. 22ರಷ್ಟು ಜನರಿಗೆ ಸೋಂಕು ತಗುಲಿತ್ತು. ಚರ್ಮಕ್ಕೆ ಹಚ್ಚುವ ದುಬಾರಿ ಕ್ಲೋರ್‌ಹೆಕ್ಸಿಡಿನ್ ಆಗಲಿ ಸೋಂಕುನಿವಾರಕ ಲೇಪಿಸಿದ ಹೊಲಿಗೆದಾರವಾಗಲಿ ಅಗ್ಗದ ಅಯೋಡಿನ್ ಮತ್ತು ಸಾದಾ ದಾರಕ್ಕಿಂತ ಮೇಲೆನಿಸಲಿಲ್ಲ. ಏಳು ದೇಶಗಳ 81 ಆಸ್ಪತ್ರೆಗಳ, 13,301 ರೋಗಿಗಳ ‘ಚೀಟಾ’ (2022) ಪ್ರಯೋಗದಲ್ಲಿ ಹೊಟ್ಟೆಯನ್ನು ಹೊಲಿಯುವ ಮುನ್ನ ಕೈಗವಸು ಮತ್ತು ಉಪಕರಣಗಳನ್ನು ಬದಲಿಸಿದ್ದರಿಂದ ಸೋಂಕು ಶೇ. 18.9ರಿಂದ ಶೇ. 16.0ಕ್ಕೆ ಇಳಿಯಿತು. ಇಂಥ ಸೋಂಕು ಬಹುಮಟ್ಟಿಗೆ ರೋಗಿ ಮನೆಗೆ ಹೋದ ಮೇಲೆ ಪ್ರಕಟವಾಗುವುದರಿಂದ 30 ದಿನ ಬೆನ್ನುಹತ್ತಿ ವಿಚಾರಿಸದಿದ್ದ ಆಸ್ಪತ್ರೆಯ ದಾಖಲೆಯಲ್ಲಿ ಸೋಂಕೇ ಇರುವುದಿಲ್ಲ. ಕಾಡ್‌ಮನ್ ಕೇಳಿದ್ದು ಇದನ್ನೇ.

ಭಾರತದಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರೆಂದು ಸರ್ಕಾರಿ ವರದಿ ಹೇಳುತ್ತದೆ. ಬದುಕಿ ಉಳಿದವರ ಗತಿಯ ಲೆಕ್ಕ ಇಷ್ಟು ಸುಲಭವಾಗಿ ಸಿಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸೋಂಕುಶಾಸ್ತ್ರ ವಿಭಾಗವು ಪೊಲೀಸರು ಮತ್ತು ಆಸ್ಪತ್ರೆಗಳ ಸಹಕಾರದಿಂದ ನಡೆಸಿದ ಗಾಯಗಳ ನಿಗಾ ಕಾರ್ಯ, ಮುಂಬಯಿ, ದೆಹಲಿ, ಕೋಲ್ಕತ್ತ ಮೊದಲಾದ ನಗರಗಳ ಸಾರ್ವಜನಿಕ ಆಸ್ಪತ್ರೆಗಳಲ್ಲಿ 2013ರಿಂದ ಸುಮಾರು 16,000 ಗಾಯಾಳುಗಳ ವಿವರ ಸಂಗ್ರಹಿಸಿದ ಯೋಜನೆ ಇವು ಈ ದಿಕ್ಕಿನ ಗಣ್ಯ ಪ್ರಯತ್ನಗಳು. 2007ರಲ್ಲಿ ಆರಂಭವಾದ ಭಾರತದ ವೈದ್ಯಕೀಯ ಪ್ರಯೋಗಗಳ ನೋಂದಣಿ 2009ರಿಂದ ಕಡ್ಡಾಯವಾಗಿರುವುದರಿಂದ, ಆರಂಭದಲ್ಲಿ ಯಾವುದನ್ನು ಫಲಿತವೆಂದು ಘೋಷಿಸಲಾಗಿತ್ತು, ಕಡೆಗೆ ಯಾವುದನ್ನು ಮುದ್ರಿಸಲಾಯಿತು ಎಂಬುದನ್ನು ಯಾರು ಬೇಕಾದರೂ ಹೋಲಿಸಿ ನೋಡಬಹುದು.

ಹಾಗೆ ಹೋಲಿಸುವವರಿಗೆ ಆಸ್ಟ್ರೇಲಿಯ, ನ್ಯೂಜಿಲೆಂಡ್ ಮತ್ತು ಜರ್ಮನಿಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ‘ಪ್ಯಾಚ್’ ಪ್ರಯೋಗ ಒಳ್ಳೆಯ ಅಭ್ಯಾಸವಸ್ತು. ಆಸ್ಪತ್ರೆ ತಲುಪುವ ಮೊದಲೇ ಟ್ರಾನೆಕ್ಸಾಮಿಕ್ ಆಮ್ಲ ಕೊಟ್ಟಾಗ 28 ದಿನಗಳ ಮರಣ ಶೇ. 17.3, ಹುಸಿಮದ್ದಿನಲ್ಲಿ ಶೇ. 21.8. ಆದರೆ ಸಂಶೋಧಕರು ಮೊದಲೇ ಘೋಷಿಸಿದ್ದ ಮುಖ್ಯ ಫಲಿತ ಸಾವಲ್ಲ. ಆರು ತಿಂಗಳಿಗೆ ಒಳ್ಳೆಯ ಕಾರ್ಯಸಾಮರ್ಥ್ಯದೊಂದಿಗೆ ಬದುಕಿರುವುದು. ಅದು ಔಷಧ ಪಡೆದವರಲ್ಲಿ ಶೇ. 53.7, ಪಡೆಯದವರಲ್ಲಿ ಶೇ. 53.5. ಈ ಪ್ರಯೋಗ ಗೆದ್ದಿತೋ ಸೋತಿತೋ ಎಂಬ ಬಗ್ಗೆ ವೈದ್ಯರಲ್ಲಿ ಎರಡು ಅಭಿಪ್ರಾಯಗಳಿವೆ, ಎರಡಕ್ಕೂ ಆಧಾರ ಅದೇ ಅಂಕಿಗಳು.